ಹೊಳೆ ದಾಟಬಾರದ ಗಂಡ

ಮಗನ ಫೋನು ಬಂದಾಗ ನಾನು ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದೆ. ನಾವಿರುವ ಲಂಡನ್ನಿನ ಹ್ಯಾರೋದಲ್ಲಿ ಬೆಳಗು, ಅವನಿದ್ದ ಥಾಯ್ಲೆಂಡಿನಲ್ಲಿ ಮಧ್ಯಾಹ್ನ ಕಳೆದಿತ್ತು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಜಾತಿಯವನು ನನ್ನ ಮಗ. ಜ್ವರ ಬಂದಾಗ, ಹೆದರಿದಾಗ ಮಾತ್ರ ಅವನ ಬಾಯಿಂದ ಧಾರವಾಡದ ಮಾತು ಹೊರಡುತ್ತದೆ. ಅವತ್ತು ಹೊರಟಿತು.

“ಅಮ್ಮ, ಒಂದ ತಿಂಗಳು ಕೊಟ್ಟಾರ. ಅದು ಮುಗದ ಮ್ಯಾಲೆ ನಾ ಇಲ್ಲಿಂದ ಹೋಗಬೇಕಂತ.”

“ಹೋಗಬೇಕಂದ್ರ? ಎಲ್ಲಿಗೆ?”

“ಎಲ್ಲಿಗ್ಯಾರೆ ಹೋಗು ಅಂತಾರ. ಈ ದೇಶದಾಗ ಇರಬ್ಯಾಡ ಅಂತಾರ.”

“ಮತ್ತ ಅಕಿ?”

“ಅಕಿ ಹೆಂಗ ಬರ್ತಾಳಮ್ಮ? ಹಾಸಿಗಿ ಬಿಟ್ಟು ಏಳಬ್ಯಾಡ ಅಂದಾರ ಡಾಕ್ಟರು.”

ಅಕಿ ಅಂದರೆ ನನ್ನ ಸೊಸೆ. ಥಾಯ್ಲೆಂಡಿನವಳು, ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಕೆಲವು ವರ್ಷಗಳ ಹಿಂದೆ ಇಬ್ಬರೂ ಇಲ್ಲೇ ಹ್ಯಾರೋದಲ್ಲಿ, ಮೊದಲು ರಿಜಿಸ್ಟರ್ ಆಫೀಸಿನಲ್ಲಿ ಸಹಿ ಹಾಕಿ, ಆಮೇಲೆ ದೇವಸ್ಥಾನದ ಹಾಲಿನಲ್ಲಿ ಅಕ್ಷತೆ ಹಾಕಿಸಿಕೊಂಡು ಮದುವೆಯಾದರು. ಬಸುರಿಯಾಗಿ ಆರನೇ ತಿಂಗಳು ಬಿದ್ದಾಗ ಅವಳ ತಂಗಿಯ ಮದುವೆ ಬಂತು. ಮೂರು ವಾರಕ್ಕೆಂದು ಇಬ್ಬರೂ ಹೋದರು. ಮದುವೆ ಮುಗಿದ ಮರುದಿನವೇ ಅವಳಿಗೆ ರಕ್ತಸ್ರಾವ ಶುರುವಾಯಿತು. ಮಾಸು ಗರ್ಭದ ಬಾಯಿಯ ಬಳಿ ಕೆಳಗಿದೆ, ವಿಮಾನದ ಮಾತೇ ಎತ್ತಬೇಡಿ, ಹೆರಿಗೆ ಇಲ್ಲೇ ಆಗಲಿ ಎಂದರು ಅಲ್ಲಿಯ ಡಾಕ್ಟರು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಾದ್ದು, ದೇವರೇ ಹಾಗೆ ಮಾಡಿದ ಎಂದು ನಾನು ನನಗೇ ಸಮಾಧಾನ ಹೇಳಿಕೊಂಡಿದ್ದೆ. ಹೆಣ್ಣನ್ನು ತವರಿಗೆ ಬಿಟ್ಟು ಗಂಡ ತಿರುಗಿ ಬರುವುದು ನಮ್ಮ ಕಡೆಯ ಪದ್ಧತಿ. ಮಗ ಬರಲೊಲ್ಲೆ ಎಂದ. ಕಂಪನಿಯಿಂದ ಸಂಬಳವಿಲ್ಲದ ರಜೆ ತೆಗೆದುಕೊಂಡು ಅಲ್ಲೇ ಕೂತ.

ಅವನು ಕೂತರೂ ಪಾಸ್‌ಪೋರ್ಟು ಕೂರಬೇಕಲ್ಲ. ಬ್ರಿಟಿಷ್ ಪಾಸ್‌ಪೋರ್ಟಿನವನು ವೀಸಾ ಇಲ್ಲದೆ ಇಳಿದರೆ ಅರವತ್ತು ದಿನದ ಮುದ್ರೆ ಒತ್ತುತ್ತಾರೆ. ಮದುವೆ ಊಟ ಉಂಡು ಬರುವವರಿಗೆ ಅದು ಬೇಕಾದಷ್ಟಾಯಿತು. ಅದು ಮುಗಿಯುತ್ತ ಬಂದಾಗ ಇಮಿಗ್ರೇಶನ್ ಕಚೇರಿಗೆ ಹೋಗಿ ಕೇಳಿಕೊಂಡದ್ದಕ್ಕೆ ಒಂದು ತಿಂಗಳು ಸೇರಿಸಿ ಕೊಟ್ಟಿದ್ದರು. ಪ್ರವಾಸಿಗೆ ಇಷ್ಟೇ, ಇನ್ನು ಕೇಳಬೇಡ ಎಂದಿದ್ದರು. ಆ ತಿಂಗಳು ಮುಗಿಯುವ ಹೊತ್ತಿಗೆ ಹೆರಿಗೆಗೆ ಇನ್ನೂ ತಿಂಗಳ ಮೇಲೆ ಬಾಕಿ ಇರುತ್ತಿತ್ತು.

ಕಾನೂನಿನಲ್ಲಿ ದಾರಿ ಇರಲಿಲ್ಲವೆಂದಲ್ಲ. ಅವರ ದೇಶದ ಹೆಣ್ಣನ್ನು ಮದುವೆಯಾದವನಿಗೆ, ಹೆಂಡತಿಯ ಜೊತೆಗಿರಲೆಂದೇ, ಮತ್ತೆ ಅರವತ್ತು ದಿನ ಕೊಡುತ್ತಾರೆ. ವರ್ಷಗಟ್ಟಲೆ ಇರುವವರಿಗೂ ಬೇರೆ ವ್ಯವಸ್ಥೆ ಇದೆ, ಅದಕ್ಕೆ ಕಾಗದಪತ್ರ ಇನ್ನೂ ಹೆಚ್ಚು. ನಮಗೆ ಅರವತ್ತು ದಿನ ಸಾಕಿತ್ತು. ಆದರೆ ಇವಳು ನನ್ನ ಹೆಂಡತಿ ಎಂದು ಅವನು ಹೇಳಿದರೆ ನಡೆಯುವುದಿಲ್ಲ, ಅವರ ತಾಲೂಕು ಕಚೇರಿಯ ದಾಖಲೆ ಹೇಳಬೇಕು. ಲಂಡನ್ನಿನಲ್ಲಿ ಆದ ಮದುವೆಯನ್ನು ಅಲ್ಲಿ ದಾಖಲಿಸುವ ಯೋಚನೆಯೇ ಇವರಿಬ್ಬರಿಗೆ ಬಂದಿರಲಿಲ್ಲ. ಅಳಿಯ ಅಲ್ಲ, ಮಗಳ ಗಂಡ ಎಂದು ನಾವು ನಗೆಯಾಡುತ್ತೇವೆ. ಅಲ್ಲಿ ಅದು ನಗೆಯ ಮಾತಾಗಿರಲಿಲ್ಲ. ಊರಿಗೆಲ್ಲ ಅವನು ಅಳಿಯ, ಸರ್ಕಾರಕ್ಕೆ ಮಾತ್ರ ಮಗಳ ಗಂಡ ಅಲ್ಲ.

ಹಾಗಾಗಿ ಇಲ್ಲಿಯ ಮದುವೆ ಸರ್ಟಿಫಿಕೇಟಿಗೆ ಮೊದಲು ಬ್ರಿಟನ್ನಿನ ವಿದೇಶಾಂಗ ಇಲಾಖೆಯ ಮುದ್ರೆ ಬೀಳಬೇಕು. ಅದರ ಮೇಲೆ ಲಂಡನ್ನಿನ ಥಾಯ್ ರಾಯಭಾರ ಕಚೇರಿಯ ಮುದ್ರೆ. ಆಮೇಲೆ ಅದು ಅಲ್ಲಿಗೆ ಹೋಗಿ, ಥಾಯ್ ಭಾಷೆಗೆ ತರ್ಜುಮೆಯಾಗಿ, ಮತ್ತೆ ಅವರ ಮುದ್ರೆ ಬಿದ್ದು, ತಾಲೂಕು ಕಚೇರಿಗೆ ಸೇರಬೇಕು. ಇಷ್ಟೂ ಒಂದು ತಿಂಗಳೊಳಗೆ. ಸರ್ಟಿಫಿಕೇಟು ನಮ್ಮ ಮನೆಯಲ್ಲೇ ಇತ್ತು.

“ಅದೇನ್ ದೊಡ್ಡ ಮಾತಲ್ಲ ಬಿಡು. ಇವತ್ತ ತಗೊಂಡು ಹೋಗ್ತೀನಿ,” ಎಂದೆ. ವರ್ಷಾನುಗಟ್ಟಲೆ ಕೌನ್ಸಿಲ್ ಎಂಬ ಇಲ್ಲಿಯ ನಗರಸಭೆಯ ಕೌಂಟರಿನ ಹಿಂದೆ ಕೂತು ಜನರ ಕಾಗದ ನೋಡಿದವಳು ನಾನು. ಕಾಗದಕ್ಕೆ ಹೆದರುವವಳಲ್ಲ. ಸೊಪ್ಪು ಅಲ್ಲೇ ಬಿಟ್ಟು ಮೇಲೆ ಹೋಗಿ ಕಪಾಟು ತೆಗೆದೆ.

ಸರ್ಟಿಫಿಕೇಟು ಸಿಕ್ಕಿತು. ಲ್ಯಾಮಿನೇಟ್ ಆಗಿತ್ತು.

ಇದು ನಮ್ಮವರ ಕೆಲಸ ಎಂದು ಹೇಳಬೇಕಾಗಿಯೇ ಇಲ್ಲ. ನಮ್ಮವರು ನಿವೃತ್ತ ಸರ್ಜನ್. ಧಾರವಾಡದಲ್ಲಿ ಓದಿ ಇಲ್ಲಿಗೆ ಬಂದು, ಇಲ್ಲಿಯ ಆಸ್ಪತ್ರೆಗಳಲ್ಲೇ ಆಯುಷ್ಯ ಸವೆಸಿದವರು. ಅವರ ತಲೆಮಾರಿಗೆ ಒಂದು ನಂಬಿಕೆ ಇದೆ, ಕಾಗದ ಪ್ಲಾಸ್ಟಿಕ್ಕಿನೊಳಗೆ ಸೇರಿದ ಮೇಲೇ ಅದು ನಿಜವಾದ ಕಾಗದ. ಮಾರ್ಕ್ಸ್ ಕಾರ್ಡನ್ನು ಗೆದ್ದಲಿನಿಂದ ಕಾಪಾಡಿಕೊಂಡು ಬಂದವರಿಗೆ ಆ ಚಟ ಹೋಗುವುದಿಲ್ಲ. ನಿವೃತ್ತರಾದ ಮೇಲಂತೂ ಮನೆಗೇ ಒಂದು ಮಷೀನು ಬಂತು. ಕಸದ ಗಾಡಿ ಬರುವ ದಿನಗಳ ಪಟ್ಟಿ, ಏಕಾದಶಿಯ ಪಟ್ಟಿ, ಬಾಯ್ಲರಿನ ಸೂಚನೆ, ಎಲ್ಲದಕ್ಕೂ ಕವಚ. ಮಗನ ಮದುವೆಯಾದ ವಾರದಲ್ಲೇ ಸರ್ಟಿಫಿಕೇಟನ್ನೂ ಅಷ್ಟೇ ಅಕ್ಕರೆಯಿಂದ ಒಳಗೆ ಹಾಕಿದ್ದರು. ಅಂಚುಗಳನ್ನು ಕತ್ತರಿಸಿದ್ದು ಸಹ ಆಪರೇಶನ್ ಮಾಡಿದಷ್ಟು ನೇರವಾಗಿತ್ತು.

ಇಂಥ ಕಾಗದಗಳಿಗೆ ಮುದ್ರೆ ಹಾಕಿಸಿಕೊಡುವ ಒಬ್ಬ ಏಜೆಂಟನಿಗೆ ಫೋನು ಮಾಡಿದೆ. ಲ್ಯಾಮಿನೇಟ್ ಮಾಡಿದ್ದನ್ನು ತೆಗೆದುಕೊಳ್ಳುವುದಿಲ್ಲ, ಮುದ್ರೆ ಕಾಗದದ ಮೇಲೇ ಕೂರಬೇಕು, ಪ್ಲಾಸ್ಟಿಕ್ಕಿನ ಮೇಲಲ್ಲ ಎಂದ ಅವನು. ಪಾಪ, ಸಮಾಧಾನದಿಂದಲೇ ಹೇಳಿದ. ನಾನು ಫೋನಿಟ್ಟು ಹಾಲಿಗೆ ಹೋಗಿ, ಪೇಪರ್ ಓದುತ್ತಿದ್ದ ನಮ್ಮವರ ಮುಂದೆ ಆ ಹೊಳೆಯುವ ಹಾಳೆ ಹಿಡಿದೆ.

“ನಿಮ್ಮ ಕೈಗೆ ಸುಮ್ಮನ ಕೂಡಲಿಕ್ಕೆ ಬರಂಗಿಲ್ಲೇನು? ನನ್ನನ್ನೂ ಒಂದ ಸಲ ಹಾಕಿಬಿಡ್ರಿ ಆ ಮಷೀನಿನಾಗ!”

“ಹಾಳಾಗಬಾರದಂತ ಮಾಡಿದ್ದು ಅದು.”

“ಹಾಳಾಗಿಲ್ಲ, ಹೌದು. ಉಪಯೋಗಾನೂ ಇಲ್ಲ.”

ಅವತ್ತು ಮಧ್ಯಾಹ್ನವೇ ಮಗ ಇನ್ನೊಂದು ಉಪಾಯ ಹೇಳಿದ. ಸೊಸೆಯ ತವರು ಇರುವುದು ದೊಡ್ಡದೊಂದು ನದಿಯ ದಂಡೆಯ ಊರಿನಲ್ಲಿ. ಆಚೆ ದಂಡೆ ಬೇರೆ ದೇಶ, ಲಾವೋಸ್. ನಡುವೆ ಸೇತುವೆ. ಬೆಳಿಗ್ಗೆ ಬಸ್ಸು ಹತ್ತಿ ಸೇತುವೆ ದಾಟಿ, ಆ ಕಡೆ ಒಂದು ಮುದ್ರೆ ಒತ್ತಿಸಿಕೊಂಡು ತಿರುಗಿ ಬಂದರೆ, ಬರುವಾಗ ಹೊಸದಾಗಿ ದಿನ ಸಿಗುತ್ತವೆ. ಎಷ್ಟೋ ಮಂದಿ ಹಾಗೆ ಮಾಡುತ್ತಾರಂತೆ. ಆದರೆ ಈಚೆಗೆ ಸೇತುವೆಯ ಮೇಲೆ ಕೂತ ಅಧಿಕಾರಿಗಳು ಪ್ರಶ್ನೆ ಕೇಳುತ್ತಾರೆ. ಪ್ರವಾಸಿಯೆಂದು ಇಷ್ಟು ದಿನ ಇದ್ದೆಯಲ್ಲ, ಮತ್ತೆ ಯಾಕೆ ಬಂದೆ ಎನ್ನುತ್ತಾರೆ. ಒಳಗೆ ಬಿಡಲೂಬಹುದು, ಬಿಡದೆಯೂ ಇರಬಹುದು. ಬಿಡದಿದ್ದರೆ ಇವನು ಆಚೆ ದಂಡೆಯಲ್ಲಿ, ಅವಳು ಈಚೆ ದಂಡೆಯಲ್ಲಿ. ಲಂಡನ್ನಿಗೇ ಬಂದು ಹೆಂಡತಿಯ ಹೆಸರಿನ ಮೇಲೆ ವೀಸಾ ತೆಗೆದುಕೊಂಡು ಹೋಗು ಎಂದೆ. ಅದಕ್ಕೆ ವಾರಗಳೇ ಬೇಕು, ಅಷ್ಟರಲ್ಲಿ ಅವಳಿಗೇನಾದರೂ ಆದರೆ ಎಂದ.

ಸೇತುವೆಯ ಮಾತಿಗೆ ನಮ್ಮವರು ಫೋನು ಕಸಿದುಕೊಂಡು ಹೇಳಿದರು, “ಹೊಳಿ ದಾಟೂದು ಬ್ಯಾಡ.” ಅಧಿಕಾರಿಗಳ ಭಯಕ್ಕೆ ಹೇಳಿದರೆಂದು ನಾನು ತಿಳಿದೆ. ಫೋನಿಟ್ಟ ಮೇಲೆ ನಿಜ ಹೊರಬಂತು.

“ಬಸರಿ ಗಂಡ ಹೊಳಿ ದಾಟಬಾರದು. ಅವ್ವ ಹೇಳ್ತಿದ್ದಳು. ನೀನೂ ಕೇಳೀದಿ.”

ಕೇಳಿದ್ದೆ. ಬಸುರಿಯ ಗಂಡ ಕ್ಷೌರ ಮಾಡಿಸಬಾರದು, ಹೆಣ ಹೊರಬಾರದು, ಹೊಳೆ ದಾಟಬಾರದು, ಸಮುದ್ರಕ್ಕಂತೂ ಹೋಗಲೇಬಾರದು ಎಂದು ನಮ್ಮತ್ತೆ ಹೇಳುತ್ತಿದ್ದರು. ಆಗ ಇದೇ ಮನುಷ್ಯ ನಗುತ್ತಿದ್ದರು.

“ಏಳು ಸಮುದ್ರ ದಾಟಿ ವಿಮಾನದಾಗ ಹೋಗ್ಯಾನಲ್ರೀ. ಅದು ನಡೀತದ, ಒಂದ್ ಸೇತುವಿ ನಡಿಯೂದಿಲ್ಲ?”

“ಆಗ ಅಕಿ ಅವನ ಜೋಡಿ ಇದ್ದಳು.”

“ನೀವು ಡಾಕ್ಟರೋ, ಜೋಯಿಸರೋ?”

“ಡಾಕ್ಟರ್ ಇದ್ದೀನಿ ಅಂತನ ಅಂಜಿಕಿ,” ಎಂದರು. ದನಿ ಏರಿಸಲಿಲ್ಲ. “ಮಾಸು ಕೆಳಗಿದ್ರ ಏನೇನ್ ಆಗಬಹುದು ಅಂತ ನನಗ ಗೊತ್ತದ. ನಿನಗ ಗೊತ್ತಿಲ್ಲ. ಗೊತ್ತಿಲ್ಲದಿರೂದ ಛಲೋ.”

ನಾನು ಅಷ್ಟಕ್ಕೆ ಸುಮ್ಮನಾಗಬೇಕಿತ್ತು. ಆಗಲಿಲ್ಲ.

“ನನಗ ಗೊತ್ತಿಲ್ಲೇನು? ಹಡದಾಕಿ ನಾನು. ನೀವೆಲ್ಲಿದ್ರಿ ಆಗ?”

ಅವರು ಇಲ್ಲಿದ್ದರು, ಇಂಗ್ಲೆಂಡಿನಲ್ಲಿ. ನನ್ನ ಚೊಚ್ಚಲ ಹೆರಿಗೆ ಧಾರವಾಡದ ತವರುಮನೆಯಲ್ಲಿ ಆಯಿತು. ಕಿರಿಯ ಡಾಕ್ಟರಾಗಿದ್ದ ಅವರ ವೀಸಾದ ಅವಧಿ ಮುಗಿದಿತ್ತು, ವಿಸ್ತರಣೆಗೆಂದು ಕಳಿಸಿದ ಪಾಸ್‌ಪೋರ್ಟು ಸರ್ಕಾರದ ಬಳಿ ಕೂತಿತ್ತು. ಹಿಂದಕ್ಕೆ ಕೇಳಿ ಪಡೆದು ಹೊರಟುಬಿಟ್ಟರೆ ತಿರುಗಿ ಬರುವ ಖಾತರಿ ಇರಲಿಲ್ಲ. ಎರಡು ದಿನ ನೋವು ತಿಂದೆ. ಮಗ ಹುಟ್ಟಿದ ಸುದ್ದಿ ಪಕ್ಕದ ಮನೆಯ ಫೋನಿನಿಂದ ಹೋಯಿತು. ಅವರು ಬಂದು ಮಗುವನ್ನು ಎತ್ತಿಕೊಂಡಾಗ ಅದು ಆಗಲೇ ಕೂರಲು ಕಲಿತಿತ್ತು, ಅಪರಿಚಿತರ ಮುಖ ಕಂಡು ಚೀರಿ ಅತ್ತಿತು. ಅವರ ತಪ್ಪಿಲ್ಲವೆಂದು ನನಗೆ ಅವತ್ತೂ ಗೊತ್ತು, ಇವತ್ತೂ ಗೊತ್ತು. ಗೊತ್ತಿದ್ದರೂ ಜಗಳದಲ್ಲಿ ಸೋಲುವಂತಾದಾಗೆಲ್ಲ ಆ ಮಾತು ನನ್ನ ಕೈಗೆ ಬರುತ್ತದೆ. ಅವರು ಎಂದಿನಂತೆ ಎದ್ದು ಹಿತ್ತಿಲಿಗೆ ಹೋದರು.

ಮರುದಿನ ನಾನು ಅಂಗಡಿಗೆ ಹೋದೆ. ಬರುವಷ್ಟರಲ್ಲಿ ಅವರು ಡೈನಿಂಗ್ ಟೇಬಲ್ಲಿನ ಮೇಲೆ ದೀಪ ಇಟ್ಟುಕೊಂಡು, ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ ಹಿಡಿದು, ಬ್ಲೇಡಿನಿಂದ ಸರ್ಟಿಫಿಕೇಟಿನ ಪ್ಲಾಸ್ಟಿಕ್ಕು ಬಿಡಿಸುತ್ತಿದ್ದರು. ಪಕ್ಕದಲ್ಲಿ ಕಾಯಿಸಿದ ಇಸ್ತ್ರಿ ಪೆಟ್ಟಿಗೆ, ನನ್ನ ಹೇರ್ ಡ್ರೈಯರು. ಮನುಷ್ಯರ ಹೊಟ್ಟೆ ಕೊಯ್ದು ಹೊಲಿದ ಕೈ. ಅರ್ಧದವರೆಗೆ ಚೆನ್ನಾಗಿಯೇ ಬಂದಿತ್ತು. ನಾನು ಬಾಗಿಲಲ್ಲೇ ನಿಂತೆ. ರಿಜಿಸ್ಟ್ರಾರರ ಸಹಿ ಇರುವ ಜಾಗಕ್ಕೆ ಬಂದಾಗ ಪ್ಲಾಸ್ಟಿಕ್ಕಿನ ಜೊತೆ ಕಾಗದದ ಪದರವೂ ಎದ್ದು ಬಂತು. ಸಹಿ ಒಂದು ಕಡೆ, ಮದುವೆ ಒಂದು ಕಡೆ ಆಯಿತು.

ಅವರು ಬ್ಲೇಡು ಕೆಳಗಿಟ್ಟರು. ಬೇರೆ ದಿನವಾಗಿದ್ದರೆ ನಾನು ಬೀದಿಗೆ ಕೇಳುವಂತೆ ಕೂಗುತ್ತಿದ್ದೆ. ಅವರ ಬೆರಳು ನಡುಗುತ್ತಿದ್ದವು. ಅವರ ಕೈ ನಡುಗಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ಅವಾಗಲೇ.

“ಇರ್ಲಿ ಬಿಡ್ರಿ,” ಎಂದೆ. “ರಿಜಿಸ್ಟರ್ ಆಫೀಸಿನಾಗ ಇನ್ನೊಂದು ಪ್ರತಿ ಕೊಡ್ತಾರ.”

“ಮೊದಲ ಹೇಳಬಾರದೇನು?”

“ಮೊದಲ ನೀವು ಕೇಳಬಾರದೇನು?”

ಕೊಡುತ್ತಾರೆ ಎಂಬುದು ನಿಜ. ಆದರೆ ಅದು ಶುಕ್ರವಾರ ಸಂಜೆ, ಸೋಮವಾರ ಬ್ಯಾಂಕ್ ಹಾಲಿಡೇ, ಎಲ್ಲ ಕಚೇರಿಗಳಿಗೂ ರಜೆ. ಮಂಗಳವಾರದವರೆಗೆ ಯಾರೂ ಬಾಗಿಲು ತೆಗೆಯುವುದಿಲ್ಲ. ಆ ಮೂರು ದಿನ ಟೋಸ್ಟರಿನಿಂದ ಬ್ರೆಡ್ಡು ಹಾರಿದರೂ ಇಬ್ಬರೂ ಬೆಚ್ಚುತ್ತಿದ್ದೆವು.

ಮಂಗಳವಾರ ಹೊಸ ಪ್ರತಿಗೆ ತುರ್ತಿನ ಅರ್ಜಿ ಹಾಕಿದೆ. ಅದು ಬಂದ ದಿನವೇ ಟ್ಯೂಬ್ ರೈಲು ಹತ್ತಿ ಹೋಗಿ ಏಜೆಂಟನ ಕೈಗೆ ಕೊಟ್ಟೆ. ವಿದೇಶಾಂಗ ಇಲಾಖೆಯ ಮುದ್ರೆ ಬಿದ್ದು ಬರುವವರೆಗೆ ಕಾಯುವುದಷ್ಟೇ ಕೆಲಸ. ಆ ವಾರದಲ್ಲೇ ಸೊಸೆಗೆ ಮತ್ತೆ ರಕ್ತ ಹೋಯಿತು. ಊರಿನ ಸರ್ಕಾರಿ ಆಸ್ಪತ್ರೆಗೆ ಸೇರಿಸಿದರು. ಮಗ ವಿಡಿಯೋದಲ್ಲಿ ಬಂದ. ಕೂದಲು ಕಿವಿ ಮುಚ್ಚಿತ್ತು, ಗಡ್ಡ ಮುಖ ತುಂಬಿತ್ತು.

“ಏನೋ ಇದು, ಸನ್ಯಾಸಿ ಆಗೀಯೇನು? ಒಂದ್ ಕಟಿಂಗ್ ಮಾಡಿಸ್ಕೋಬಾರದಾ?”

ಅವನು ಆಚೀಚೆ ನೋಡಿ ಇಂಗ್ಲಿಷಿನಲ್ಲಿ ಹೇಳಿದ, ಅಪ್ಪ ಬೇಡ ಎಂದಿದ್ದಾರೆ, ಇದನ್ನೆಲ್ಲ ನಾನು ನಂಬುವುದಿಲ್ಲ, ಆದರೆ ಈಗ ಕತ್ತರಿಸುವ ಧೈರ್ಯ ನನಗಿಲ್ಲ. ಸಣ್ಣವನಿದ್ದಾಗ ಜುಟ್ಟಿನ ಮಾತೆತ್ತಿದರೆ ಮನೆ ಬಿಟ್ಟು ಓಡುತ್ತಿದ್ದ ಹುಡುಗ. ಹೆದರಿಕೆ ಎಂಥವರನ್ನೂ ಆಸ್ತಿಕರನ್ನಾಗಿ ಮಾಡುತ್ತದೆ. ನಾನೂ ಆ ವಾರ ಎರಡು ಸಲ ದೇವಸ್ಥಾನಕ್ಕೆ ಹೋಗಿ ತುಪ್ಪದ ದೀಪ ಹಚ್ಚಿದೆ. ನಮ್ಮವರಿಗೆ ಹೇಳಲಿಲ್ಲ, ಜೋಯಿಸರೆಂದು ಅಣಕಿಸಿದವಳು ನಾನೇ ಅಲ್ಲವೇ.

ಮುದ್ರೆ ಬಿದ್ದ ಕಾಗದ ಕೈಗೆ ಬಂದ ಮರುದಿನ ನಾನು ಥಾಯ್ ರಾಯಭಾರ ಕಚೇರಿಗೆ ಹೊರಟೆ. ನಾನೂ ಬರುತ್ತೇನೆ ಎಂದರು ನಮ್ಮವರು. ಬೇಡವೆಂದೆ. ಆದರೂ ಹ್ಯಾರೋ ಸ್ಟೇಶನ್ನಿನವರೆಗೆ ಕಾರಿನಲ್ಲಿ ಬಿಟ್ಟು, ಕಾಗದದ ಚೀಲವನ್ನು ನನ್ನ ಕೊರಳಿಗೆ ಮಗುವಿಗೆ ಹಾಕಿದಂತೆ ಹಾಕಿ, “ಮಡಚಬ್ಯಾಡ,” ಎಂದರು. ಬೇಕರ್ ಸ್ಟ್ರೀಟಿನಲ್ಲಿ ಬದಲಿಸಿ ಸೌತ್ ಕೆನ್ಸಿಂಗ್ಟನ್ನಿನಲ್ಲಿ ಇಳಿಯುವವರೆಗೂ ನಾನು ಚೀಲದ ಮೇಲಿನ ಕೈ ತೆಗೆಯಲಿಲ್ಲ.

ಕೌಂಟರಿನ ಹೆಂಗಸು ಒಂದೊಂದೇ ಹಾಳೆ ತಿರುವಿದಳು. ಕೌಂಟರಿನ ಮುಂದೆ ನಿಲ್ಲುವುದು ಏನೆಂದು ನನಗೆ ಅವತ್ತು ತಿಳಿಯಿತು. ಎಷ್ಟು ಮಂದಿ ನನ್ನ ಮುಂದೆ ಹೀಗೆ ನಿಂತು ನನ್ನ ಹುಬ್ಬು ನೋಡುತ್ತಿದ್ದರೋ, ನಾನು ಅವಳ ಹುಬ್ಬನ್ನೇ ನೋಡುತ್ತ ನಿಂತೆ. ನಮ್ಮ ಪರವಾಗಿ ಇವರು ಕೊಡುತ್ತಾರೆ ಎಂದು ಗಂಡ ಹೆಂಡತಿ ಬರೆದುಕೊಟ್ಟ ಒಪ್ಪಿಗೆ ಪತ್ರಕ್ಕೆ ಬಂದಾಗ ಹುಬ್ಬು ಗಂಟಾಯಿತು. ಸೊಸೆಯ ಸಹಿ ಪಾಸ್‌ಪೋರ್ಟಿನ ಸಹಿಗೆ ಹೋಲುತ್ತಿರಲಿಲ್ಲ. ಅಕ್ಷರಗಳು ಮೇಲೆ ಹತ್ತಿ ಕೆಳಗೆ ಜಾರಿದ್ದವು.

ಇದು ಅವರದೇ ಸಹಿಯೇ ಎಂದು ಕೇಳಿದಳು.

ಅವಳದೇ, ಆಸ್ಪತ್ರೆಯಲ್ಲಿ ಮಲಗಿಕೊಂಡೇ ಮಾಡಿದ್ದಾಳೆ, ಏಳುವ ಹಾಗಿಲ್ಲ ಎಂದೆ. ಇನ್ನೊಂದು ಸಹಿ ತಾ ಎಂದರೆ ಇನ್ನೊಂದು ವಾರ. ಇನ್ನೊಂದು ವಾರ ಎಂದರೆ ಸೇತುವೆ.

ಎಷ್ಟು ತಿಂಗಳು ಎಂದಳು. ಹೇಳಿದೆ. ಅವಳು ಎದ್ದು ಒಳಗೆ ಹೋದಳು. ಯಾರನ್ನೋ ಕೇಳಿ ಬಂದು ಮತ್ತೆ ಕೂತು, ಪತ್ರವನ್ನು ಉಳಿದ ಹಾಳೆಗಳ ಕೆಳಗೆ ಸೇರಿಸಿ ರಸೀದಿ ಬರೆದಳು. ಹೊರಗೆ ಬಂದು ಮೆಟ್ಟಿಲಿನ ಮೇಲೆ ಕೂತು ನಮ್ಮವರಿಗೆ ಫೋನು ಮಾಡಿದೆ. “ತಗೊಂಡ್ರು,” ಎಂದದ್ದೇ ತಡ ಅವರು, “ಯಾವಾಗ ಕೊಡ್ತಾರ?” ಎಂದರು. ಒಂದು ಒಳ್ಳೆಯ ಮಾತು ಆಡಲಿಕ್ಕೆ ಬಂದೀತೇ ಈ ಜನ್ಮದಲ್ಲಿ?

ಎರಡೂ ಮುದ್ರೆ ಬಿದ್ದ ಕಾಗದವನ್ನು ಕೊರಿಯರಿಗೆ ಕೊಟ್ಟೆವು. ಅದು ಎಲ್ಲೆಲ್ಲಿ ಹೋಗುತ್ತಿದೆ ಎಂದು ಫೋನಿನಲ್ಲಿ ನೋಡುವುದೇ ನಮ್ಮವರ ಸಂಧ್ಯಾವಂದನೆಯಾಯಿತು. ದುಬೈ ದಾಟಿತು, ಬ್ಯಾಂಕಾಕಿಗೆ ಇಳಿಯಿತು. ಅಲ್ಲಿ ಒಂದಿಡೀ ದಿನ ಅಲ್ಲಾಡದೆ ಕೂತಿತು. ಆ ದಿನ ಅವರು ಊಟ ಮಾಡಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ, ನನಗೂ ಬೇಡವಾಗಿತ್ತು. ಮಗ ಆಸ್ಪತ್ರೆ ಬಿಟ್ಟು ಕದಲುವ ಹಾಗಿರಲಿಲ್ಲ. ಬೀಗತಿ, ಎಂದರೆ ಸೊಸೆಯ ತಾಯಿ, ಬ್ಯಾಂಕಾಕಿಗೆ ಹೋಗಿ ಕಾಗದ ಹಿಡಿದುಕೊಂಡು ತರ್ಜುಮೆ ಮಾಡಿಸಿ, ಮುದ್ರೆ ಒತ್ತಿಸಿ, ರಾತ್ರಿ ಬಸ್ಸಿನಲ್ಲಿ ತಿರುಗಿ ಬಂದಳು. ನನಗೂ ಅವಳಿಗೂ ಒಂದೂ ಭಾಷೆ ಸಾಮಾನ್ಯವಿಲ್ಲ. ವಿಡಿಯೋದಲ್ಲಿ ಕಂಡಾಗ ಇಬ್ಬರೂ ಕೈ ಮುಗಿಯುತ್ತೇವೆ, ನಗುತ್ತೇವೆ, ಮುಗಿಯಿತು. ಆ ವಾರ ಅವಳು ನಗಲಿಲ್ಲ. ನಾನೂ ನಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸಿದೆವು, ಮಾತು ಬರುತ್ತಿದ್ದರೂ ಅದಕ್ಕಿಂತ ಹೆಚ್ಚೇನೂ ಹೇಳುತ್ತಿರಲಿಲ್ಲ.

ತಾಲೂಕು ಕಚೇರಿಯಲ್ಲಿ ಮದುವೆ ದಾಖಲಾದದ್ದು ಮಗನ ಅವಧಿ ಮುಗಿಯುವ ಹಿಂದಿನ ದಿನ. ಮರುದಿನ ಬೆಳಿಗ್ಗೆ ಅವನು ಅತ್ತೆಯನ್ನು ಕರೆದುಕೊಂಡು ಇಮಿಗ್ರೇಶನ್ ಕಚೇರಿಗೆ ಹೋದ. ನಮಗೆ ಅದು ಇನ್ನೂ ನಸುಕು. ಇಬ್ಬರೂ ಅಡುಗೆಮನೆಯಲ್ಲಿ ಕೂತೆವು. ನಾನು ಚಹಾ ಮಾಡಿದೆ, ಆರಿತು. ಮತ್ತೆ ಮಾಡಿದೆ, ಅದೂ ಆರಿತು. ಮಗನ ಸಂದೇಶ ಬಂತು. ಪಾಸ್‌ಪೋರ್ಟಿನ ಫೋಟೋದಲ್ಲಿ ಗಡ್ಡವಿಲ್ಲದ ಹುಡುಗ, ಎದುರಿಗೆ ನಿಂತದ್ದು ಈ ಸನ್ಯಾಸಿ. ಅಧಿಕಾರಿ ಫೋಟೋ ನೋಡುತ್ತಾನೆ, ಇವನನ್ನು ನೋಡುತ್ತಾನೆ, ಎದ್ದು ಮೇಲಿನವರ ಕೋಣೆಗೆ ಹೋಗಿದ್ದಾನೆ. 

“ನೋಡ್ರಿ! ನಿಮ್ಮ ಕ್ಷೌರದ ಶಾಸ್ತ್ರ!” ಎಂದೆ. ಅವರು ಮುಖ ಮುಚ್ಚಿಕೊಂಡರು.

ಮುಂದಿನ ಸಂದೇಶ ಬರುವವರೆಗೆ ಎಷ್ಟು ಹೊತ್ತಾಯಿತೋ ತಿಳಿಯದು. ಪಕ್ಕದ ಮನೆಯವರು ಕಾರು ತೆಗೆದು ಕೆಲಸಕ್ಕೆ ಹೋದರು, ಮಕ್ಕಳು ಶಾಲೆಗೆ ಹೋದರು. ಆಮೇಲೆ ಬಂತು, ಮಾತಿಲ್ಲ, ಬರೀ ಒಂದು ಫೋಟೋ. ಪಾಸ್‌ಪೋರ್ಟಿನ ಪುಟದ ಮೇಲೆ ಹೊಸ ಮುದ್ರೆ. ಅರವತ್ತು ದಿನ. ಬೀಗತಿ ಅವರ ಭಾಷೆಯಲ್ಲಿ ಏನೋ ವಿವರಿಸಿದಳಂತೆ, ಮೇಲಿನ ಅಧಿಕಾರಿ ಹೊರಗೆ ಬಂದು ಇವನ ಗಡ್ಡ ನೋಡಿ ಮುದ್ರೆ ಹಾಕು ಎಂದರಂತೆ. ನಾನು ಗೋಡೆಗೆ ಒರಗಿ ಅತ್ತೆ. ನಮ್ಮವರು ಫೋಟೋ ದೊಡ್ಡದು ಮಾಡಿ ಮಾಡಿ ನೋಡಿ, “ಇದನ್ನ ಪ್ರಿಂಟ್ ತಗದು...” ಎಂದು ಶುರು ಮಾಡಿದರು. ನಾನು ನೋಡಿದ ನೋಟಕ್ಕೆ ಮುಂದಿನದನ್ನು ನುಂಗಿಕೊಂಡರು.

ದಿನ ತುಂಬಲು ಇನ್ನೂ ಸ್ವಲ್ಪ ಇರುವಾಗಲೇ ಸೊಸೆಗೆ ನೋವು ಬಂತು. ಅಷ್ಟರಲ್ಲಿ ಮಾಸು ಮೇಲೆ ಸರಿದಿತ್ತು, ಸಹಜ ಹೆರಿಗೆಯೇ ಆಗಲಿ ಎಂದಿದ್ದರು ಡಾಕ್ಟರು. ಹೆಣ್ಣು ಮಗು, ಇಬ್ಬರೂ ಸುಖ ಎಂದು ಮಗ ಅಳುತ್ತ ಫೋನು ಮಾಡಿದ. ಆಚೆ ಒಂದು ಮಗುವಿನ ದನಿ ಕೇಳಿತು, ಅದು ನಮ್ಮದೋ ಬೇರೆಯವರದೋ, ಯಾವುದಾದರೂ ಆಗಲಿ ಎಂದು ಕಿವಿಗೊಟ್ಟೆವು. ಅವಳ ಪಕ್ಕದಲ್ಲೇ ಇದ್ದೆಯಲ್ಲ, ಅಷ್ಟು ಸಾಕು ನನಗೆ ಎಂದೆ.

“ಇಲ್ಲಮ್ಮ,” ಎಂದ. “ಒಳಗ ಬಿಡಲಿಲ್ಲ.”

ಆ ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಗೆ ಗಂಡಸರನ್ನು ಬಿಡುವ ಪದ್ಧತಿ ಇಲ್ಲವಂತೆ. ಮೊದಲೇ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಲಂಡನ್ನಿನಲ್ಲಿ ಗಂಡ ಒಳಗೆ ಬರದಿದ್ದರೇ ಆಶ್ಚರ್ಯ ಪಡುತ್ತಾರೆ, ಅದೇ ರೂಢಿಯಾಗಿತ್ತು ನಮಗೆ. ಮಧ್ಯಾಹ್ನದಿಂದ ಬೆಳಗಿನವರೆಗೆ ಅವನು ಹೊರಗೆ ಬೆಂಚಿನ ಮೇಲೆ ಕೂತಿದ್ದ. ನನಗೆ ನೆತ್ತಿಗೆ ಸಿಟ್ಟೇರಿತು. ಎರಡು ದೇಶದ ಮುದ್ರೆ, ಅಷ್ಟು ಓಡಾಟ, ಅಷ್ಟು ಹೆದರಿಕೆ, ಎಲ್ಲ ಒಂದು ಬೆಂಚಿಗಾಗಿಯೇ? ಇದ್ದೂ ಇಲ್ಲದಂತೆ ಆಯಿತಲ್ಲ ಎಂದು ನಾನು ಅಡುಗೆಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಸೊಸೆ ಮಾತಾಡುವಂತಾದದ್ದು ಎರಡು ದಿನದ ಮೇಲೆ. ಸ್ಪೀಕರಿಗೆ ಹಾಕಿದೆ. ನಮ್ಮವರು ಪಕ್ಕದ ಕುರ್ಚಿಯಲ್ಲಿ ಕೂತರು. ಅವಳದೂ ನನ್ನದೂ ಮಾತು ಇಂಗ್ಲಿಷಿನಲ್ಲೇ. ಮಗು ಹಾಲು ಕುಡಿಯುತ್ತದೆಯೇ, ನಿದ್ದೆ ಬರುತ್ತದೆಯೇ ಎಂದೆಲ್ಲ ಕೇಳಿ, ಕಡೆಗೆ ತಡೆಯಲಾರದೆ, ಅವನನ್ನು ಒಳಗೆ ಬಿಡಲಿಲ್ಲವಂತೆ, ಒಬ್ಬಳೇ ಆಗಿಬಿಟ್ಟೆಯಲ್ಲ ಎಂದೆ.

ಒಬ್ಬಳೇ ಇರಲಿಲ್ಲ ಎಂದಳು. ಬಾಗಿಲು ತೂಗುಬಾಗಿಲು. ನರ್ಸುಗಳು ಒಳಗೆ ಹೊರಗೆ ಓಡಾಡುವಾಗೆಲ್ಲ ಅದು ತೆರೆದುಕೊಳ್ಳುತ್ತಿತ್ತು. ಮಲಗಿದಲ್ಲಿಂದ ಅವಳಿಗೆ ಬೆಂಚಿನ ಕೆಳಭಾಗ ಮಾತ್ರ ಕಾಣುತ್ತಿತ್ತು. ಅವನ ಎರಡು ಪಾದ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕೂತಿದ್ದನಂತೆ. ನೋವು ಬಂದಾಗಲೆಲ್ಲ ಬಾಗಿಲನ್ನೇ ನೋಡುತ್ತಿದ್ದೆ, ತೆರೆದಾಗಲೆಲ್ಲ ಪಾದ ಅಲ್ಲೇ ಇರುತ್ತಿದ್ದವು, ಬೆಳಗಿನವರೆಗೂ ಒಂದು ಸಲವೂ ಇಲ್ಲದೆ ಇರಲಿಲ್ಲ ಎಂದಳು.

ಮಾತು ಮುಗಿಸಿ ಫೋನನ್ನು ಟೇಬಲ್ಲಿನ ಮೇಲಿಟ್ಟೆ. ಮೊಮ್ಮಗಳು ಹುಟ್ಟಿದ ಮನೆಯಲ್ಲಿ ಆಡುವ ಮಾತಲ್ಲ, ಆದರೆ ಹೊಟ್ಟೆಯಲ್ಲಿಟ್ಟುಕೊಳ್ಳುವ ಸ್ವಭಾವ ನನ್ನದಲ್ಲ.

“ನನಗ ಅಕಿ ಮ್ಯಾಲೆ ಹೊಟ್ಟಿಕಿಚ್ಚು ಆಗಲಿಕ್ಕತ್ತದ ನೋಡ್ರಿ,” ಎಂದೆ.

ನಮ್ಮವರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು.

“ನನಗ ಅವನ ಮ್ಯಾಲೆ,” ಎಂದರು.